ಒಂದು ಎಲೆ ಹೆಚ್ಚಿಗೆ

ಗ್ಯಾಸು ಸರಿಯಾಗಿ ಸಾರು ಕುದಿಯುವ ಹೊತ್ತಿಗೆ ಮುಗಿಯಬಹುದಿತ್ತು. ಇನ್ನೊಂದು ಸಿಲಿಂಡರ್ ತಂದಿಟ್ಟಿದ್ದೆ, ಆದರೆ ಅದರ ವಾಷರ್ ಸೋರಬಹುದಿತ್ತು. ಜಗಳೂರು ಕಡೆಯಿಂದ ನೆಂಟರು ಬರುವ ಕಾರು ಸಂತೇಬೆನ್ನೂರಿನ ಹತ್ತಿರ ಪಂಕ್ಚರ್ ಆಗಬಹುದಿತ್ತು. ಆಗದೆ ಸುಖವಾಗಿ ಬಂದು ತಲುಪಿದರೆ ನಮ್ಮ ಬೀದಿಯ ನಾಯಿ ಅವರಲ್ಲಿ ಯಾರದಾದರೂ ಪಂಚೆ ಹಿಡಿಯಬಹುದಿತ್ತು. ಬಾಗಿಲಿಗೆ ತೂಗುಹಾಕಿದ ನಕ್ಷತ್ರದ ವೈರು ಸುಟ್ಟು ಮನೆಯ ಫ್ಯೂಸೇ ಹೋಗಬಹುದಿತ್ತು. ಡಿಸೆಂಬರಿನಲ್ಲಿ ಮಳೆ ಯಾಕೆ ಬರುತ್ತದೆ ಎಂದು ನೀವು ಕೇಳಬಹುದು. ಬಂದರೆ ಅಂಗಳದ ಶಾಮಿಯಾನದ ಗತಿ ಏನೆಂದು ನಾನು ಕೇಳುತ್ತೇನೆ. ಕೋತಿಗಳು ಕೇಕು ಹೊತ್ತೊಯ್ಯಬಹುದಿತ್ತು. ಅದರ ಹಿಂದಿನ ವರ್ಷ ಪಕ್ಕದ ಮನೆಯ ಸತ್ಯನಾರಾಯಣ ಪೂಜೆಯ ಪ್ರಸಾದವನ್ನು ಪಾತ್ರೆಸಮೇತ ಒಯ್ದ ಕೋತಿಗಳವು, ಅವಕ್ಕೆ ಧರ್ಮಭೇದವೇನೂ ಇದ್ದಂತಿರಲಿಲ್ಲ. ನೆಂಟರು ಬೌದ್ಧರು. ಮಾಂಸ ಮುಟ್ಟದವರಾಗಿದ್ದು, ಅದನ್ನು ಹೇಳಲು ಸಂಕೋಚಪಟ್ಟು, ಬರೀ ಮಜ್ಜಿಗೆ ಅನ್ನ ಉಂಡು ಎದ್ದು ಹೋಗಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಎಂಬತ್ತು ದಾಟಿದ ನಮ್ಮವ್ವ ಅವರೆಲ್ಲರ ಎದುರು ಬಾಯಿ ಬಿಡಬಹುದಿತ್ತು.

ಹೋದ ಕ್ರಿಸ್ಮಸ್ಸಿಗೆ ಮುಂಚೆ ನಾನು ಯೋಚಿಸಿಟ್ಟುಕೊಂಡಿದ್ದ ಅನಾಹುತಗಳಲ್ಲಿ ಇವು ಕೆಲವು ಮಾತ್ರ. ಚನ್ನಗಿರಿಯ ಹೈಸ್ಕೂಲಿನಲ್ಲಿ ನಾನು ಲೆಕ್ಕದ ಮೇಷ್ಟ್ರು. ಹತ್ತನೇ ತರಗತಿಗೆ ಸಂಭವನೀಯತೆ ಪಾಠ ಮಾಡುತ್ತೇನೆ. ಯಾವುದು ಆಗುವ ಸಂಭವ ಎಷ್ಟು ಕಡಿಮೆ ಎಂದು ಬೋರ್ಡಿನ ಮೇಲೆ ಸೊಗಸಾಗಿ ಬಿಡಿಸಿ ತೋರಿಸುತ್ತೇನೆ. ಮನೆಗೆ ಬಂದ ಮೇಲೆ ಆ ಪಾಠ ನನಗೆ ಲಾಗೂ ಆಗುವುದಿಲ್ಲ. "ರೀ, ನಿಮಗೆ ಆಗಿರೋ ಕಷ್ಟಕ್ಕಿಂತ ಆಗಬೋದಾದ ಕಷ್ಟಾನೇ ಜಾಸ್ತಿ," ಎನ್ನುತ್ತಾಳೆ ನನ್ನ ಹೆಂಡತಿ ಸುಗುಣ. ನಿಜವೇ. ಆದರೆ ಆವತ್ತು ನಡೆದದ್ದು ನನ್ನ ಯಾವ ಯೋಚನೆಯಲ್ಲೂ ಇರಲಿಲ್ಲ. ಅದನ್ನು ಹೇಳಬೇಕೆಂದರೆ ಮೊದಲು ನಮ್ಮ ಮನೆಯ ಎಲೆಯ ವಿಷಯ ಹೇಳಬೇಕು.

ಕ್ರಿಸ್ಮಸ್ ಊಟಕ್ಕೆ ನಾವು ಒಂದು ಎಲೆ ಹೆಚ್ಚಿಗೆ ಹಾಕುತ್ತೇವೆ. ಮನೆಯವರದು, ಕರೆದವರದು ಎಲ್ಲ ಆದ ಮೇಲೆ ಇನ್ನೊಂದು. ಅದು ಕರೆಯದೆ ಬಂದವರ ಎಲೆ. ಹಬ್ಬದ ಬೆಳಿಗ್ಗೆ ನಾವು ಚರ್ಚಿನಿಂದ ಬಂದ ಮೇಲೆ ಗೇಟು ದಾಟಿ ಮೊದಲು ಯಾರು ಒಳಗೆ ಬರುತ್ತಾರೋ ಅವರನ್ನು ಕೂರಿಸಿ ಕೂಡಲೇ ಬಡಿಸಬೇಕು. ಮನೆಯ ಹಿರಿಯರು ಅವರ ಪಕ್ಕದಲ್ಲೇ ಕೂತು ಉಣ್ಣಬೇಕು. ಅವರು ಉಂಡು ಕೈ ತೊಳೆಯುವ ತನಕ ಹೆಸರು ಕೇಳುವಂತಿಲ್ಲ, ಊರು ಕೇಳುವಂತಿಲ್ಲ, ಬಂದ ಕೆಲಸ ಏನೆಂದೂ ಕೇಳುವಂತಿಲ್ಲ. ಅವರಾಗಿಯೇ ಹೇಳಹೊರಟರೂ ತಡೆಯಬೇಕು.

ಶುರುಮಾಡಿದವನು ನನ್ನ ಮುತ್ತಜ್ಜ. ಹೊನ್ನಾಳಿ ಕಡೆ ಉಪದೇಶಿಯಾಗಿದ್ದ, ಅಂದರೆ ಪಾದ್ರಿ ಅಯ್ಯನವರು ಬಾರದ ಹಳ್ಳಿಗಳಿಗೆ ನಡೆದು ಹೋಗಿ ಪ್ರಾರ್ಥನೆ ನಡೆಸುವವನು. ಒಂದು ಕ್ರಿಸ್ಮಸ್ ದಿನ ಹರಿಗೋಲಿನಲ್ಲಿ ಹೊಳೆ ದಾಟಿ, ಹಸಿದು, ಯಾವುದೋ ಮನೆಯ ಜಗಲಿ ಹತ್ತಿದನಂತೆ. ಅವರು ನೀರಿಗೆ ಮುಂಚೆ ಹೆಸರು ಕೇಳಿದರು. ಹೆಸರಿನಿಂದ ಏನೂ ತಿಳಿಯದಾದಾಗ ಊರು ಕೇಳಿದರು. ಊರಾದ ಮೇಲೆ ಕೇರಿ. ಕೇರಿ ಹೇಳಿದ ಮೇಲೆ ಮತ್ತೇನೂ ಕೇಳಲಿಲ್ಲ, ಏನೂ ಕೊಡಲೂ ಇಲ್ಲ. ಮುಂದಿನ ವರ್ಷದಿಂದ ಮುತ್ತಜ್ಜ ತನ್ನ ಮನೆಯಲ್ಲಿ ಈ ಎಲೆ ಹಾಕಿದ. "ಕೇಳಿ ಬಡಿಸಾಕೆ ಹೋದ್ರೆ ಬಡಿಸೋ ಕೈ ನಿಧಾನ ಆಗ್ತೈತೆ," ಎನ್ನುತ್ತಿದ್ದನಂತೆ.

ಆಗ ಅದು ಮುತ್ತುಗದ ಎಲೆ, ಕಡ್ಡಿ ಚುಚ್ಚಿ ಹಚ್ಚಿದ್ದು. ಅಜ್ಜನ ಕಾಲಕ್ಕೆ ಬಾಳೆ ಎಲೆಯಾಯಿತು. ಈಗ ಬಾಳೆ ಎಲೆಯ ಹಾಗೆ ಹಸಿರು ಬಣ್ಣ ಬಳಿದ ಕಾಗದದ ಎಲೆ ಅಂಗಡಿಯಲ್ಲಿ ಸಿಗುತ್ತದೆ. ನನ್ನ ಮಗಳು ಶಾಲಿನಿ ಒಂದು ವರ್ಷ ಅದನ್ನು ತಂದಾಗ ಅವ್ವ ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದು ಎಲೆ ಅಲ್ಲ, ಎಲೆ ಫೋಟೋ," ಎಂದು ಪಕ್ಕಕ್ಕಿಟ್ಟಳು. ಎಲ್ಲ ಹೀಗೆಯೇ ಬದಲಾಗುತ್ತ ಬಂದಿದೆ. ಕೆಂಡದ ಒಲೆಯ ಮೇಲೆ ಮರಳು ಕಾಯಿಸಿ ಅವ್ವ ಬೇಯಿಸುತ್ತಿದ್ದ, ತಳ ಯಾವಾಗಲೂ ಸೀದಿರುತ್ತಿದ್ದ ಕೇಕು ಹೋಗಿ ಬೇಕರಿಯ ಕೇಕು ಬಂತು. ಅಪ್ಪ ಬಿದಿರಕಡ್ಡಿ ಕಟ್ಟಿ ಬಣ್ಣದ ಕಾಗದ ಅಂಟಿಸುತ್ತಿದ್ದ ನಕ್ಷತ್ರ ಹೋಗಿ, ಕಣ್ಣು ಕುಕ್ಕುವ ಚೀನಾ ನಕ್ಷತ್ರ ಬಂತು. ಗೋದಲಿಯಲ್ಲಿ ಮಾತ್ರ ಇವತ್ತಿಗೂ ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಮನೆಯಿಂದ ತಂದ ಎತ್ತುಗಳೇ ಬಾಲಯೇಸುವನ್ನು ಕಾಯುತ್ತವೆ. ಬೆತ್ಲೆಹೇಮಿನ ಎತ್ತುಗಳಿಗೆ ಬೆನ್ನ ಮೇಲೆ ಇಷ್ಟು ದಪ್ಪ ಇಣಿ ಇತ್ತೋ ಇಲ್ಲವೋ ಎಂದು ನಾನು ಚಿಕ್ಕಂದಿನಲ್ಲೇ ಚಿಂತೆ ಮಾಡಿದ್ದುಂಟು.

ಎತ್ತು ಅಂದಾಗ ನೆನಪಾಯಿತು. ನ್ಯಾಮತಿಯಲ್ಲಿ ಕಾಂಪೌಂಡರ್ ಆಗಿದ್ದ ನನ್ನಜ್ಜ ನಿಯಮ ಎಂದರೆ ನಿಯಮ ಎನ್ನುವ ಮನುಷ್ಯ. ಒಂದು ಕ್ರಿಸ್ಮಸ್ಸಿಗೆ ಮೊದಲು ಒಳಗೆ ಕಾಲಿಟ್ಟದ್ದು ಕೋಲೆ ಬಸವ. ಹಿಂದೆ ಓಲಗ ಊದುತ್ತ ಅದರ ಯಜಮಾನ ಬರುತ್ತಿದ್ದ, ಆದರೆ ಅವನು ಎರಡು ಹೆಜ್ಜೆ ಹಿಂದೆ. ಅಜ್ಜ ಬಸವನಿಗೇ ಎಲೆ ಹಾಕಿಸಿದ. ಹಿರಿಯರು ಪಕ್ಕದಲ್ಲಿ ಕೂತು ಉಣ್ಣಬೇಕಲ್ಲ, ಅಂಗಳದಲ್ಲಿ ಮಣೆ ಹಾಕಿಕೊಂಡು ಬಸವನ ಪಕ್ಕ ಕೂತ. ಅಜ್ಜಿ ಒಳಗಿನಿಂದಲೇ ಕೂಗಿದಳಂತೆ: "ಎತ್ತಿಗೆ ಬಡಿಸಿ ಅದರ ಯಜಮಾನನ್ನ ಉಪವಾಸ ಕಳಿಸ್ತೀರೇನು? ನಿಮ್ಮ ನಿಯಮಕ್ಕಿಷ್ಟು ಬೆಂಕಿ ಹಾಕ!" ಬಸವ ಅನ್ನ ಮುಗಿಸಿ, ಎಲೆಯನ್ನೂ ಮುಗಿಸಿತು. ಅಜ್ಜ ಎದ್ದು ಗಂಭೀರವಾಗಿ ಅದರ ಹೆಸರೇನೆಂದು ವಿಚಾರಿಸಿದ. "ರಾಮ," ಎಂದನಂತೆ ಯಜಮಾನ.

ಅಪ್ಪನ ಕಾಲದಲ್ಲಿ, ನಾವು ಚನ್ನಗಿರಿಗೆ ಬಂದ ಮೇಲೆ, ಪಾತ್ರೆಗೆ ಕಲಾಯಿ ಹಾಕುವ ಸಾಬರೊಬ್ಬರು ಈ ಎಲೆಯ ಮರ್ಮ ಕಂಡುಹಿಡಿದರು. ಒಂದು ವರ್ಷ ಅಕಸ್ಮಾತ್ ಬಂದಿದ್ದರು. ಮರುವರ್ಷದಿಂದ ನಾವು ಚರ್ಚಿನಿಂದ ಬರುವಷ್ಟರಲ್ಲಿ ತಿದಿ, ಇದ್ದಿಲು, ನವಸಾಗರದ ಡಬ್ಬಿ ಎಲ್ಲ ಇಟ್ಟುಕೊಂಡು ಗೇಟಿನ ಹೊರಗೆ ಕೂತಿರುತ್ತಿದ್ದರು. ನಾವು ಒಳಗೆ ಹೋದ ಮೇಲೆ ಎದ್ದು, ಬಟ್ಟೆ ಕೊಡವಿಕೊಂಡು, ಆಗಷ್ಟೇ ದಾರಿತಪ್ಪಿ ಬಂದವರ ಹಾಗೆ ಒಳಗೆ ಬರುತ್ತಿದ್ದರು. ಉಂಡ ಮೇಲೆ ಅಪ್ಪ ಪ್ರತಿ ವರ್ಷ ಹೆಸರು ಕೇಳುತ್ತಿದ್ದ, ಅವರು ಪ್ರತಿ ವರ್ಷ ಹೇಳುತ್ತಿದ್ದರು, ಇಬ್ಬರ ಮುಖದಲ್ಲೂ ನಗುವಿರುತ್ತಿರಲಿಲ್ಲ. ಒಂದು ವರ್ಷ ಅವರು ಬರಲಿಲ್ಲ. ಅಪ್ಪ ಊಟಕ್ಕೇಳದೆ ಗೇಟಿನ ಹತ್ತಿರವೇ ನಿಂತ. ಸಂಜೆ ಹೊತ್ತಿಗೆ ಮೇಕೆ ಹುಡುಕಿಕೊಂಡು ಬಂದ ಒಬ್ಬ ಹೆಂಗಸಿಗೆ ಆ ಎಲೆ ಸಿಕ್ಕಿತು. ಅಪ್ಪ ಅವಳ ಪಕ್ಕ ಕೂತು ಉಂಡ, ಆದರೆ ಕಣ್ಣು ರಸ್ತೆಯ ಮೇಲೆಯೇ ಇತ್ತು. ಅಪ್ಪ ಹೋದ ಮೇಲೆ ಮನೆಯ ಹಿರಿತನ, ಪಕ್ಕದಲ್ಲಿ ಕೂತು ಉಣ್ಣುವ ಕೆಲಸ, ಹೆಸರು ಕೇಳುವ ಅಧಿಕಾರ, ಮೂರೂ ಅವ್ವನಿಗೆ ಬಂದವು.

ಇನ್ನು ಶಾಲಿನಿಯ ವಿಷಯ. ಜಗಳೂರಿನ ಹತ್ತಿರ ಒಂದು ವಸತಿ ಶಾಲೆಯಲ್ಲಿ ಅವಳು ವಿಜ್ಞಾನ ಹೇಳಿಕೊಡುತ್ತಾಳೆ. ಅದೇ ಶಾಲೆಯಲ್ಲಿ ಸಮಾಜ ಪಾಠ ಮಾಡುವ ಆನಂದನನ್ನು ಮದುವೆಯಾಗುತ್ತೇನೆ ಎಂದು ಬೇಸಿಗೆ ರಜೆಯಲ್ಲಿ ಬಂದು ಹೇಳಿದಳು. ಹೇಳಿದ ರೀತಿ ಹೇಗೆಂದರೆ, ಫ್ಯಾನಿನ ರೆಗ್ಯುಲೇಟರ್ ಕೆಟ್ಟಿದೆ ಎಂದು ಹೇಳುವ ಹಾಗೆ. ಹುಡುಗ ಒಳ್ಳೆಯವನು, ಎರಡು ಸಲ ಮನೆಗೆ ಬಂದು ಹೋದ, ನನಗಿಂತ ಕಡಿಮೆ ಮಾತಾಡುತ್ತಾನೆ, ನನ್ನಷ್ಟು ಹೆದರುವುದಿಲ್ಲ. ಅವರ ಮನೆಯವರು ಬೌದ್ಧರು. ಮದುವೆಯೆಂದರೆ ಬುದ್ಧನ ಫೋಟೋದ ಮುಂದೆ ಹೂಮಾಲೆ ಬದಲಾಯಿಸುವುದಷ್ಟೆ, ಮಂತ್ರವಿಲ್ಲ, ಪ್ರಾರ್ಥನೆಯಿಲ್ಲ.

ಅವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ಕ್ರಿಸ್ಮಸ್ಸಿಗೆ ಕರೀರಿ. ಬರ್ಲಿ, ಉಣ್ಲಿ, ನಾನೇ ನಿಂತು ಬಡಿಸ್ತೀನಿ," ಎಂದಳು. "ಆದ್ರೆ ಅವರ ಸಾಲಿನಾಗೆ ಕುಂತು ಉಣ್ಣಾಕೆ ಮಾತ್ರ ನನ್ನ ಕೈಲಾಗಾಕಿಲ್ಲ."

ನಮ್ಮ ಕಡೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣಿನ ಕಡೆಯ ಹಿರಿಯರು ಗಂಡಿನ ಕಡೆಯವರೊಡನೆ ಒಂದೇ ಸಾಲಿನಲ್ಲಿ ಕೂತು ಉಂಡರೆ ಒಪ್ಪಿಗೆ, ಕೂರದಿದ್ದರೆ ಇಲ್ಲ. ಶಾಲಿನಿಯೂ ಅವಳ ಮೊಮ್ಮಗಳೇ. "ಅಜ್ಜಿ ಕೂರೋವರೆಗೂ ನಾನು ಮದುವೆ ಆಗಲ್ಲ ಪಪ್ಪ. ಬೇರೆಯವರನ್ನೂ ಆಗಲ್ಲ," ಎಂದು ಹೇಳಿ ಜಗಳೂರಿಗೆ ಹೊರಟುಹೋದಳು. ಎರಡು ಬಂಡೆಗಳ ನಡುವೆ ನಾನು. ಮಾಂಸದ ವಿಷಯವನ್ನಾದರೂ ಇತ್ಯರ್ಥ ಮಾಡಿಕೊಳ್ಳೋಣವೆಂದು ಫೋನು ಮಾಡಿದೆ. "ಪಪ್ಪ, ಜಗಳೂರಿನ ಕುರಿ ಜಗಳೂರಿನೋರು ತಿನ್ನದೆ ಇನ್ಯಾರು ತಿಂತಾರೆ?" ಎಂದು ನಕ್ಕಳು. ಒಂದು ಚಿಂತೆ ಹೋಯಿತು. ಉಳಿದವು ಇದ್ದೇ ಇದ್ದವು.

ಹಬ್ಬದ ದಿನ ಬಂತು. ಚರ್ಚಿನಿಂದ ಬಂದೆವು. ನೆಂಟರು ಊಟದ ಹೊತ್ತಿಗೆ ಬರುವುದೆಂದು ಮಾತಾಗಿತ್ತು. ಸುಗುಣ ಮತ್ತು ಶಾಲಿನಿ ಕರ್ಜಿಕಾಯಿ, ಚಕ್ಕುಲಿ, ಕೇಕಿನ ತಟ್ಟೆಗಳನ್ನು ಹಿಡಿದು ಬೀದಿಯ ಮನೆಗಳಿಗೆ ಹಂಚಲು ಹೋದರು. ಮನೆಯಲ್ಲಿ ಅವ್ವ ಮತ್ತು ನಾನು. ನಾನು ಮೂರನೆಯ ಸಲ ಸಿಲಿಂಡರ್ ಅಲುಗಾಡಿಸಿ ನೋಡುತ್ತಿದ್ದಾಗ ಗೇಟು ಸದ್ದಾಯಿತು.

ಬಂದವರು ಅರವತ್ತು ದಾಟಿದ ಒಬ್ಬ ಮನುಷ್ಯ. ಬಿಳೀ ಅಂಗಿ, ಪಂಚೆ, ಹೆಗಲಿಗೊಂದು ಟವೆಲ್ಲು, ಕೈಯಲ್ಲಿ ಶೇಂಗಾ ತುಂಬಿದ ದೊಡ್ಡ ಚೀಲ. ಶೇಂಗಾ ಮಾರುವವರು ಎಂದುಕೊಂಡೆ. ಹಬ್ಬದ ದಿನವೂ ಚೀಲ ಹೊತ್ತು ತಿರುಗಬೇಕಲ್ಲ, ಪಾಪ ಎಂದೂ ಅಂದುಕೊಂಡೆ. ನಾಯಿ ಅವರನ್ನು ನೋಡಿಯೂ ನೋಡದಂತೆ ಮಲಗಿತ್ತು.

"ನಮಸ್ಕಾರ ರೀ," ಎಂದರು. "ನಾನು—"

"ಏ, ಏ, ಏ!" ಎಂದು ಅವ್ವ ಒಳಗಿನಿಂದ ಕೈ ಅಡ್ಡ ಹಿಡಿದುಕೊಂಡೇ ಬಂದಳು. "ಏನೂ ಹೇಳಬ್ಯಾಡಪ್ಪ. ಮೊದ್ಲು ಕೈಕಾಲು ತೊಳಕೋ. ಇವತ್ತು ಈ ಮನೆಯಾಗೆ ಉಣ್ಣಾತನ್ಕ ಯಾರೂ ಹೆಸರು ಹೇಳಂಗಿಲ್ಲ."

"ಅಲ್ಲವ್ವಾ, ನಾನು ಬಂದಿದ್ದು—"

"ಬಂದಿದ್ದು ಯಾಕೆ ಅಂತಾನೂ ಹೇಳಂಗಿಲ್ಲ. ನಮ್ಮ ಮನೆ ಪದ್ಧತಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರೂ ತಲೆಯಾಡಿಸಿ, ಚೀಲವನ್ನು ಬಾಗಿಲ ಪಕ್ಕ ಇಟ್ಟು, ಕಾಲು ತೊಳೆದು ಒಳಗೆ ಬಂದು ಹೆಚ್ಚಿನ ಎಲೆಯ ಮುಂದೆ ಕೂತರು. ಅವ್ವ ಪಕ್ಕದಲ್ಲಿ ಕೂತಳು. ಬಡಿಸುವವನು ನಾನು. ಒಳ್ಳೊಳ್ಳೆಯ ತುಂಡುಗಳನ್ನು ನೆಂಟರಿಗೆಂದು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟಿದ್ದೆ, ಹಾಗಾಗಿ ಇವರ ಎಲೆಗೆ ಆಲೂಗಡ್ಡೆ ಸ್ವಲ್ಪ ಹೆಚ್ಚಾಗಿಯೇ ಬಿತ್ತು. ಅವ್ವ ಕಣ್ಣುಮುಚ್ಚಿ ಪ್ರಾರ್ಥನೆ ಮಾಡಿದಳು. ಅವರು ಮಡಿಲಲ್ಲಿ ಕೈಯಿಟ್ಟುಕೊಂಡು ಅಲುಗಾಡದೆ ಕೂತರು.

"ನೋಡು ಈ ಮನುಷ್ಯನ್ನ," ಎಂದಳು ಅವ್ವ ಕಣ್ಣು ತೆರೆದು ನನಗೆ. "ಎಷ್ಟು ನೆಮ್ಮದಿಯಾಗಿ ಕುಂತಿದ್ದ! ನೀನು ಪ್ರಾರ್ಥನೆ ನಡುವೆ ಕುಕ್ಕರ್ ಕಡೆ ನೋಡ್ತೀಯ."

ನೋಡಿದ್ದು ನಿಜ. ಆದರೆ ನಾನು ಕುಕ್ಕರ್ ನೋಡಿದ್ದು ತನಗೆ ಹೇಗೆ ತಿಳಿಯಿತೆಂದು ಅವ್ವ ಹೇಳಲಿಲ್ಲ.

ಉಣ್ಣುತ್ತ ಮಾತು ಮೊಣಕಾಲು ನೋವಿನಿಂದ ಶುರುವಾಗಿ ಮೊಮ್ಮಕ್ಕಳಿಗೆ ಬಂತು. ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು. "ಅವ್ವ, ಇನ್ನಷ್ಟು ಅನ್ನ?" ಎಂದೆ. ಕೇಳಿಸಲಿಲ್ಲ.

"ಇವತ್ತು ಮೊಮ್ಮಗಳನ್ನ ಕೇಳಾಕೆ ಬರ್ತಾರಪ್ಪ," ಎಂದಳು ಅವರಿಗೆ. "ಹುಡುಗ ಏನೋ ಬಂಗಾರದಂಥೋನೇ. ಆದ್ರೆ ಪ್ರಾರ್ಥನೆ ಮಾಡಾಕಿಲ್ಲಂತೆ ಆ ಜನ. ನಾನು ಅವರ ಜೊತೆ ಕುಂತು ಉಣ್ಣಾಕಿಲ್ಲ ಅಂತ ಹೇಳಿಬಿಟ್ಟೀನಿ."

ಅವರ ಕೈ ಎಲೆಯ ಮೇಲೆ ನಿಂತಿತು. "ಹಂಗಾ," ಎಂದರು. ಆಮೇಲೆ ಕೇಳಿದರು: "ಮತ್ತೆ ಉಣ್ಣೋ ಮುಂಚೆ ಅವರು ಏನು ಮಾಡ್ತಾರಂತೆ?"

"ಏನು ಮಾಡ್ತಾರೆ? ಸುಮ್ಮನೆ ಕೂರ್ತಾರೇನೋ."

"ಸುಮ್ಮನೆ ಕುಂತೋರ ಮನಸ್ಸಿನಾಗೆ ಏನೈತೆ ಅಂತ ಹೊರಗಿನೋರಿಗೆ ಹೆಂಗೆ ಗೊತ್ತಾಗಬೇಕವ್ವಾ?"

ಅವ್ವ ತನ್ನ ಎಲೆಯ ಕಡೆ ತಿರುಗಿದಳು. ಮಾತು ತಿರುಗಿಸಲು ನಾನು ಬಾಯಿ ಹಾಕಿದೆ. ಹಾಕಬಾರದಿತ್ತು. "ನನಗೆ ಹುಡುಗನ ಅಪ್ಪಂದೇ ಭಯ ರೀ," ಎಂದೆ. "ಬಸ್ ಕಂಡಕ್ಟರ್ ಆಗಿ ರಿಟೈರ್ ಆದೋರಂತೆ. ಬಾಳ ಬಿಗಿ ಮನುಷ್ಯ, ನಗೋದೇ ಇಲ್ಲ ಅಂತಾರೆ."

"ನಗ್ತಾನೆ ಬಿಡ್ರಿ," ಎಂದರು ಅವರು ಸಾರು ಕಲಸುತ್ತ. "ಬಸ್ಸು ನಿಂತ ಮೇಲೆ."

"ನಿಮಗೆ ಅವರು ಪರಿಚಯವೇ?" ಎಂದೆ ಬೆರಗಾಗಿ. ಅವರು ಬಾಯಿ ತೆರೆದರು.

"ಊಟ ಆಗ್ಲಿ!" ಎಂದಳು ಅವ್ವ.

ಊಟ ಆಯಿತು. ಅವರು ಎಲೆಯನ್ನು ತಮ್ಮ ಕಡೆಗೆ ಮಡಿಸಿದರು. ಕೈ ತೊಳೆದು ಟವೆಲ್ಲಿಗೆ ಒರೆಸಿಕೊಂಡು ಬಂದು ನಿಂತರು. ಅವ್ವ ಗೋಡೆ ಹಿಡಿದು ಎದ್ದು, ಸೆರಗು ಸರಿಮಾಡಿಕೊಂಡು, ಅಪ್ಪ ಕೇಳುತ್ತಿದ್ದ ಅದೇ ಗತ್ತಿನಲ್ಲಿ ಕೇಳಿದಳು: "ಈಗ ಹೇಳಪ್ಪ. ಯಾರು ನೀನು, ಯಾವೂರು?"

"ಹನುಮಂತಪ್ಪ ಅಂತ ರೀ. ಜಗಳೂರು ಕಡೆಯೋನು. ನಾನೇ ಆನಂದನ ತಂದೆ."

ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳುವ ಶಕ್ತಿ ನನಗಿಲ್ಲ. ಸಾರಿನ ಪಾತ್ರೆ ನನ್ನ ಕೈಯಲ್ಲಿತ್ತು, ಅದು ಬೀಳಲಿಲ್ಲ, ಯಾಕೆಂದರೆ ಕೈ ಕಲ್ಲಾಗಿತ್ತು. ಆಲೂಗಡ್ಡೆಗಳು ಒಂದೊಂದಾಗಿ ಕಣ್ಣಮುಂದೆ ಬಂದು ಹೋದವು. ಬಿಗಿ ಮನುಷ್ಯ ಎಂದದ್ದು ನಾನು. ನಗುವುದೇ ಇಲ್ಲ ಎಂದದ್ದೂ ನಾನು. ಅವ್ವ ಹೇಳಿದ್ದಂತೂ ನನ್ನದಕ್ಕಿಂತ ನೂರು ಪಾಲು ಹೆಚ್ಚು. ಮಗಳ ಮದುವೆ ಈ ಮನೆಯಲ್ಲೇ, ನನ್ನ ಕಣ್ಣೆದುರು, ನಾನೇ ಬಡಿಸುತ್ತಿರುವಾಗ ಮುರಿದುಬಿತ್ತು ಎಂದುಕೊಂಡೆ. "ನೀವು... ಕಾರಿನಲ್ಲಿ..." ಎಂದೆ. ಅಷ್ಟೇ ಹೊರಟಿತು.

"ಕಾರಿನಾಗೆ ಕುಂತ್ರೆ ನನಗೆ ತಲೆ ಸುತ್ತತೈತೆ ರೀ," ಎಂದರು ಹನುಮಂತಪ್ಪನವರು ತಪ್ಪು ಮಾಡಿದವರ ಹಾಗೆ. "ಜೀವಮಾನ ಎಲ್ಲಾ ಬಸ್ಸಿನಾಗೆ ನಿಂತೇ ಹೋದೋನು. ಅವರು ಕಾರಿನಾಗೆ ಬರ್ಲಿ ಅಂತ ನಾನು ಬೆಳಿಗ್ಗೆನೇ ಬಸ್ಸು ಹತ್ತಿದೆ. ಬಂದ ತಕ್ಷಣ ಹೇಳಾಕೆ ಹೋದೆ, ಅವ್ವಾರು ಬಿಡ್ಲಿಲ್ಲ. ಬೀಗರಿಗೆ ಹಿಂಗೇ ಮಾಡ್ತಾರೇನೋ ಈ ಮನೆಯಾಗೆ ಅಂತ ಸುಮ್ಮನಾದೆ."

ಅವ್ವನ ಕಡೆ ನೋಡಲು ಧೈರ್ಯವಾಗಲಿಲ್ಲ. ಕೊನೆಗೆ ನೋಡಿದೆ. ಅವಳು ನೆಲದ ಮೇಲಿನ ಎರಡು ಎಲೆಗಳನ್ನು ನೋಡುತ್ತಿದ್ದಳು. ಎರಡೂ ಅಕ್ಕಪಕ್ಕ, ಎರಡೂ ಮಡಿಸಿದವು. ಅವಳ ಗದ್ದ ನಡುಗುತ್ತಿತ್ತು. ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ, ರಕ್ತದೊತ್ತಡದ ಮಾತ್ರೆ ಎಲ್ಲಿದೆ ಎಂದೂ ಯೋಚಿಸಿದೆ.

"ಅಲ್ಲಾ," ಎಂದಳು ಅವ್ವ ನಿಧಾನವಾಗಿ. "ನಿಮ್ಮ ಜೊತೆ ಕುಂತು ಉಣ್ಣಾಕಿಲ್ಲ ಅಂತ ನಿಮ್ಮ ಜೊತೆನೇ ಕುಂತು ಉಣ್ಕೊಂತ ಹೇಳಿದೆನಲ್ಲಪ್ಪ ನಾನು!"

ನಕ್ಕಳು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಗೋಡೆಗೆ ಆತುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಹನುಮಂತಪ್ಪನವರು ಮೊದಲು ನನ್ನನ್ನು ನೋಡಿದರು, ಆಮೇಲೆ ಬಸ್ಸು ನಿಂತಿತೆಂದು ಖಾತ್ರಿಯಾಯಿತೇನೋ, ಅವರೂ ನಕ್ಕರು.

ನಗು ಇಳಿದ ಮೇಲೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಉಂಡಾಗೈತೆ. ಉಂಡಿದ್ದನ್ನ ಇಲ್ಲ ಅನ್ನಾಕೆ ಬರಾಕಿಲ್ಲ," ಎಂದಳು. "ನಮ್ಮ ಮಾವನ ಅಪ್ಪ ಈ ಎಲೆ ಯಾಕೆ ಹಾಕಿದ ಅಂತ ವರ್ಷ ವರ್ಷ ಈ ಮಕ್ಕಳಿಗೆ ನಾನೇ ಹೇಳ್ತಿದ್ದೆ. ಹೇಳಿ ಹೇಳಿ ನನಗೇ ಮರ್ತೋಯ್ತು ನೋಡ್ರಿ ಬೀಗರೇ."

ಬೀಗರೇ ಎಂದಳು. ನಾನು ಪಾತ್ರೆ ಕೆಳಗಿಟ್ಟೆ.

"ಮದುವೆ ಹೆಂಗೆ ಮಾಡೋದು ಅವ್ವಾರೆ?" ಎಂದರು ಅವರು ಮೆಲ್ಲಗೆ. "ನಮ್ಮ ಹುಡುಗನಿಗೆ ಅದೇ ಯೋಚನೆ."

"ಅದರಾಗೇನೈತೆ? ನಮ್ಮ ಅಯ್ಯನವರು ನಿಂತು ಪ್ರಾರ್ಥನೆ ಮಾಡ್ಲಿ. ಆಮೇಲೆ ನಿಮ್ಮ ಬುದ್ಧನ ಮುಂದೆ ಎಲ್ರೂ ಸುಮ್ಮನೆ ಕೂರೋಣ. ಇವನಿಗೆ ಮಾತ್ರ," ಎಂದು ನನ್ನ ಕಡೆ ಬೆರಳು ತೋರಿಸಿದಳು, "ಎರಡೂ ಕಷ್ಟ."

ಅಷ್ಟರಲ್ಲಿ ಖಾಲಿ ತಟ್ಟೆ ಹಿಡಿದುಕೊಂಡು ಸುಗುಣ, ಶಾಲಿನಿ ಬಂದರು. ಶಾಲಿನಿ ಹನುಮಂತಪ್ಪನವರನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಮಡಿಸಿದ ಎರಡು ಎಲೆಗಳನ್ನು ನೋಡಿದಳು. ಯಾರೂ ಏನೂ ಹೇಳದೆ ಅವಳಿಗೆ ಎಲ್ಲ ತಿಳಿಯಿತು. ತಟ್ಟೆಗಳನ್ನು ಅಲ್ಲೇ ಬಿಟ್ಟು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. "ಬಿಡೇ, ಈಗಷ್ಟೆ ಉಂಡೀನಿ," ಎಂದಳು ಅವ್ವ.

ಕಾರು ಪಂಕ್ಚರ್ ಆಗದೆ ಬಂತು. ಮಳೆ ಬರಲಿಲ್ಲ, ಕೋತಿ ಬರಲಿಲ್ಲ, ಫ್ಯೂಸು ಹೋಗಲಿಲ್ಲ. ಆನಂದ, ಅವನ ತಾಯಿ, ಅಕ್ಕ ಬಾವ, ಮಕ್ಕಳು ಎಲ್ಲ ಇಳಿದರು. ಸಾಲಾಗಿ ಎಲೆ ಹಾಕಿದೆವು. ಅವ್ವ ಯಾರೂ ಕರೆಯದೆ ತಾನಾಗಿ ಹೋಗಿ ಹನುಮಂತಪ್ಪನವರ ಪಕ್ಕ ಕೂತಳು. ಬಡಿಸಿದ್ದಾಯಿತು, ಪ್ರಾರ್ಥನೆಯಾಯಿತು, ಒಂದು ಗಳಿಗೆ ಎಲ್ಲರೂ ಸುಮ್ಮನೆ ಕೂತದ್ದೂ ಆಯಿತು.

ನಮ್ಮಲ್ಲಿ ಸಾಲಿನ ಹಿರಿಯರು ಮೊದಲ ತುತ್ತು ಎತ್ತದೆ ಉಳಿದವರು ಎಲೆಗೆ ಕೈ ಹಾಕುವುದಿಲ್ಲ. ಹಿರಿಯಳಾದ ಅವ್ವನ ಹೊಟ್ಟೆ ತುಂಬಿತ್ತು. ಪಕ್ಕದಲ್ಲಿದ್ದ ಬೀಗರ ಹೊಟ್ಟೆಯೂ ತುಂಬಿತ್ತು. ಇಬ್ಬರೂ ಎಲೆಯ ಮುಂದೆ ಕೂತು, ಹಳೆಯ ಕಾಲದಲ್ಲಿ ಹೊನ್ನಾಳಿಗೆ ಬಸ್ಸು ಯಾವ ದಾರಿಯಿಂದ ಹೋಗುತ್ತಿತ್ತು ಎಂಬ ಮಾತಿಗೆ ಬಿದ್ದರು. ಆನಂದ ಎಲೆ ನೋಡುತ್ತ ಕೂತ. ಮಕ್ಕಳು ತಾಯಿಯ ಮುಖ ನೋಡಿದವು. ಇದೂ ಈ ಮನೆಯ ಒಂದು ಪದ್ಧತಿ ಇರಬೇಕೆಂದು ಬೀಗಿತ್ತಿ ಮಕ್ಕಳಿಗೆ ಸನ್ನೆ ಮಾಡಿ ಕೈ ಕಟ್ಟಿಸಿದರು. ಅವ್ವ ಹಾಗೆ ನಗುನಗುತ್ತ ಮಾತಾಡುತ್ತಿರುವಾಗ ತಡೆಯಲು ನಮಗೆ ಯಾರಿಗೂ ಮನಸ್ಸು ಬರಲಿಲ್ಲ. ಬಸ್ಸು ಅವರಿಬ್ಬರ ಮಾತಿನಲ್ಲಿ ಊರೂರು ನಿಂತು, ಜನ ಹತ್ತಿಸಿಕೊಂಡು, ಇಳಿಸಿಕೊಂಡು, ಹೇಗೋ ಹೊನ್ನಾಳಿ ಸೇರಿತು. ಆಗ ಅವ್ವ ತಿರುಗಿ ನಮ್ಮನ್ನೆಲ್ಲ ನೋಡಿ, "ಯಾಕ್ರೋ, ಯಾರೂ ಉಣ್ಣವಲ್ರಿ?" ಎಂದು ಒಂದಗುಳು ಬಾಯಿಗಿಟ್ಟುಕೊಂಡಳು.

ಅನ್ನ ಆರಿಹೋಗಿತ್ತು.